ಉತ್ತರ–ದಕ್ಷಿಣ ನಿಜಕ್ಕೂ ವಿರುದ್ಧ ಪದಗಳಾ?

"ನಿಮ್ಮ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಉತ್ತರ–ದಕ್ಷಿಣ ಬಿಡಪ್ಪ!"

ಬೆಂಗಳೂರಿಗೆ ಬಂದ ಮೇಲೆ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಊರು ಹುಲಕೋಟಿ, ಗದಗಿನ ಹತ್ರ ಅಂದ ಕೂಡಲೇ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ. ಸಿಟ್ಟಿನಿಂದಲ್ಲ, ತಮಾಷೆಗೇ. ಇದರಲ್ಲಿ ಒಂದು ಶ್ಲೇಷೆಯೂ ಇದೆ ನೋಡಿ. ನಾನು ಉತ್ತರ ಕರ್ನಾಟಕದವನು, ಅವರು ದಕ್ಷಿಣದವರು, ಅದು ಭೂಗೋಳ. ನಮ್ಮ ಮಾತು ಅವರ ಮಾತಿಗೆ ಪೂರ್ತಿ ತದ್ವಿರುದ್ಧ, ಇದು ನುಡಿಗಟ್ಟು. ಎರಡನ್ನೂ ಒಂದೇ ಜೋಡಿ ಪದದಲ್ಲಿ ಹೇಳಿ ಮುಗಿಸಿಬಿಡುತ್ತಾರೆ.

ಕನ್ನಡದಲ್ಲಿ ಇಂಥ ಮಾತುಗಳಿಗೆ ಬರವಿಲ್ಲ. ಅಜಗಜಾಂತರ ಅನ್ನುತ್ತೇವೆ. ಅಜ ಅಂದರೆ ಆಡು, ಗಜ ಅಂದರೆ ಆನೆ. ಆದರೆ ಆಡು ಆನೆಗೆ ವಿರುದ್ಧ ಅಲ್ಲ, ಸಣ್ಣದು ಅಷ್ಟೇ. ತೆಲುಗಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಸ್ತಿಮಶಕಾಂತರ ಅನ್ನುತ್ತಾರೆ, ಆನೆಗೂ ಸೊಳ್ಳೆಗೂ ಇರುವ ಅಂತರ. :) ಎಣ್ಣೆ–ಸೀಗೆಕಾಯಿ ಅನ್ನುವುದು ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದ ಸಂಬಂಧಕ್ಕೆ. ಹಾವು–ಮುಂಗುಸಿ ಅಂತೂ ಸೀದಾ ಹೊಡೆದಾಟವೇ. ಜಗಳ ಇಲ್ಲದೆ, ಗಾತ್ರದ ಮಾತೂ ಇಲ್ಲದೆ, "ಇದು ಈ ತುದಿ, ಅದು ಆ ತುದಿ" ಅಂತ ಹೇಳಬೇಕಾದಾಗ ನಾವು ಬಳಸುವುದು ಉತ್ತರ–ದಕ್ಷಿಣ. ಇನ್ನೂ ಒತ್ತು ಬೇಕಿದ್ದರೆ ಉತ್ತರ ಧ್ರುವ–ದಕ್ಷಿಣ ಧ್ರುವ.

ಶಾಲೆಯಲ್ಲಿ ವಿರುದ್ಧ ಪದ ಬರೆಯುವಾಗ ನಡುವೆ ಒಂದು × ಚಿಹ್ನೆ ಹಾಕುತ್ತಿದ್ದೆವು, ನೆನಪಿದೆಯಾ? ಹಗಲು × ರಾತ್ರಿ, ಸಿಹಿ × ಕಹಿ, ಉತ್ತರ × ದಕ್ಷಿಣ. ಮೊದಲೆರಡರ ಬಗ್ಗೆ ತಕರಾರಿಲ್ಲ. ಮೂರನೆಯದರ ಹುಟ್ಟು ಹುಡುಕಿಕೊಂಡು ಹೋದರೆ ವಿಷಯ ಬೇರೆಯೇ ಇದೆ.

'ಉತ್ತರ' ಸಂಸ್ಕೃತದ 'ಉದ್' ಅನ್ನುವ ಉಪಸರ್ಗದಿಂದ ಬಂದದ್ದು. ಉದ್ ಅಂದರೆ ಮೇಲೆ. ಅದಕ್ಕೆ 'ತರ' ಸೇರಿದರೆ ಉತ್ತರ, ಅಂದರೆ ಇನ್ನೂ ಮೇಲಿನದು. 'ತಮ' ಸೇರಿದರೆ ಉತ್ತಮ, ಎಲ್ಲಕ್ಕಿಂತ ಮೇಲಿನದು. ಅಂದರೆ ಉತ್ತರವೂ ಉತ್ತಮವೂ ಒಂದೇ ಮನೆಯ ಅಣ್ಣತಮ್ಮಂದಿರು. ಹೆಗಲ ಮೇಲೆ ಹೊದೆಯುವ ಬಟ್ಟೆ ಉತ್ತರೀಯ ಯಾಕಾಯಿತು? ಅದು ಉತ್ತರ ದಿಕ್ಕಿನಿಂದ ಬಂದದ್ದರಿಂದ ಅಲ್ಲ, ಮೈಯ ಮೇಲ್ಭಾಗದ್ದು ಅಂತ. ಹಾಗಾದರೆ 'ಮೇಲಿನದು' ಅನ್ನುವ ಉತ್ತರಕ್ಕೆ ಹುಟ್ಟಿನಿಂದ ವಿರುದ್ಧವಾದ ಪದ ಯಾವುದು? ಅಧರ. ಕೆಳಗಿನದು. ಕವಿಗಳ ಕೈಗೆ ಸಿಕ್ಕು ಈಗ ತುಟಿ ಆಗಿ ಉಳಿದಿದೆಯಲ್ಲ, ಅದೇ ಅಧರ, ಮೊದಲಿಗೆ ಕೆಳದುಟಿ.

ಕಾಲದ ಲೆಕ್ಕದಲ್ಲಿ ಉತ್ತರ ಅಂದರೆ ಆಮೇಲಿನದು. ಪೂರ್ವಾರ್ಧ–ಉತ್ತರಾರ್ಧ, ಪೂರ್ವ ಮೀಮಾಂಸೆ–ಉತ್ತರ ಮೀಮಾಂಸೆ, ಉತ್ತರಾಧಿಕಾರಿ, ಉತ್ತರಕ್ರಿಯೆ. ಇಲ್ಲಿ ಉತ್ತರದ ಎದುರು ನಿಂತಿರುವುದು ಪೂರ್ವ! ದಿಕ್ಕಿನ ಲೆಕ್ಕದಲ್ಲಿ ಉತ್ತರಕ್ಕೂ ಪೂರ್ವಕ್ಕೂ 90 ಡಿಗ್ರಿ, ಕಾಲದ ಲೆಕ್ಕದಲ್ಲಿ 180. ಪರೀಕ್ಷೆಯಲ್ಲಿ ಕೇಳಿದ್ದಕ್ಕೆ ಬರೆಯುವುದೂ ಉತ್ತರವೇ, ಅದರ ಜೋಡಿ ಪ್ರಶ್ನೆ. ಒಂದೇ ಪದಕ್ಕೆ ನಾಲ್ಕು ಎದುರು ಪದಗಳು: ಅಧರ, ಪೂರ್ವ, ಪ್ರಶ್ನೆ, ದಕ್ಷಿಣ. ಪ್ರೋಗ್ರಾಮಿಂಗ್ ಮಾಡುವವರಿಗೆ ಇದು ಹೊಸದೇನಲ್ಲ, ಒಂದೇ ಹೆಸರಿನ ಫಂಕ್ಷನ್ ಯಾವ ಕಡೆಯಿಂದ ಕರೆದರು ಅನ್ನುವುದರ ಮೇಲೆ ಬೇರೆ ಬೇರೆ ಕೆಲಸ ಮಾಡುತ್ತದೆ.

ಇನ್ನು ದಕ್ಷಿಣ. ಇದರ ಮೊದಲ ಅರ್ಥ ಬಲಗಡೆ, ಬಲಗೈ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತೇವಲ್ಲ, ದೇವರನ್ನು ನಮ್ಮ ಬಲಕ್ಕೆ ಇಟ್ಟುಕೊಂಡು ಸುತ್ತುವುದು ಅಂತ ಅದರ ಅರ್ಥ. ಅದಕ್ಕೇ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತದೆ. ಕೆಲಸದಲ್ಲಿ ಕೈ ಪಳಗಿದವನು ದಕ್ಷ, ಪುರೋಹಿತರ ಕೈಗೆ ಸಲ್ಲುವುದು ದಕ್ಷಿಣೆ. ಲ್ಯಾಟಿನ್ನಿನಲ್ಲಿ ಬಲಗೈಗೆ 'ಡೆಕ್ಸ್‌ಟರ್' ಅನ್ನುತ್ತಾರೆ, ಅದೂ ಇದೇ ಬಳಗದ್ದು. ಬಲಕ್ಕೆ ವಿರುದ್ಧ ಎಡ, ಸಂಸ್ಕೃತದಲ್ಲಿ ವಾಮ ಅಥವಾ ಸವ್ಯ. ಹಾಗಾಗಿ ದಕ್ಷಿಣಕ್ಕೆ ಹುಟ್ಟಿನಿಂದ ವಿರುದ್ಧ ವಾಮ.

ಅಂದರೆ ನಾವು 'ಪೂರ್ತಿ ತದ್ವಿರುದ್ಧ' ಅನ್ನುವುದಕ್ಕೆ ಬಳಸುವ ಜೋಡಿಯಲ್ಲಿ ಒಂದು ಪದದ ಅರ್ಥ 'ಮೇಲಿನದು', ಇನ್ನೊಂದರ ಅರ್ಥ 'ಬಲಗಡೆಯದು'. ಇವು ವಿರುದ್ಧ ಪದಗಳಾಗಿ ಹುಟ್ಟಲೇ ಇಲ್ಲ. ಬೇರೆ ಬೇರೆ ಕಡೆಯಿಂದ ಬಂದು ಎದುರು ಬದುರು ಕೂತವು.

ಹೇಗೆ ಕೂತವು? ಬೆಳಿಗ್ಗೆ ಎದ್ದು ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತ ಒಬ್ಬ ಮನುಷ್ಯನನ್ನು ನೆನೆಸಿಕೊಳ್ಳಿ. ಅವನ ಮುಂದಿರುವುದು ಪೂರ್ವ. ಪೂರ್ವ ಅಂದರೆ ಮುಂದಿನದು, ಮೊದಲಿನದು. ಬೆನ್ನ ಹಿಂದೆ ಪಶ್ಚಿಮ. ಅದರ ಅರ್ಥವೇ ಹಿಂದಿನದು, ಕೊನೆಯದು. ಬಲಗೈ ಕಡೆ ದಕ್ಷಿಣ. ಉಳಿದದ್ದು ಎಡಗೈ ಕಡೆ, ಅದಕ್ಕೆ ಮಾತ್ರ ಎಡ ಅನ್ನದೆ ಮೇಲಿನದು ಅಂತ ಹೆಸರಿಟ್ಟರು. ಆ ಹೆಸರಿಟ್ಟವರ ದೇಶದಲ್ಲಿ ಆ ಕಡೆ ಹಿಮಾಲಯ ಇತ್ತು ಅನ್ನುವುದು ಸಾಮಾನ್ಯವಾಗಿ ಕೊಡುವ ವಿವರಣೆ. ಅರಬ್ಬಿಯಲ್ಲೂ ಇದೇ ಆಟ ಇದೆ. ಅಲ್ಲಿ 'ಶಿಮಾಲ್' ಅಂದರೆ ಉತ್ತರವೂ ಹೌದು, ಎಡವೂ ಹೌದು. ಬಲಕ್ಕಿರುವ ಪದದ ಬಳಗದ್ದೇ ಅರೇಬಿಯಾದ ದಕ್ಷಿಣದ ದೇಶದ ಹೆಸರು, ಯಮನ್. ಅವರೂ ಮೂಡಣಕ್ಕೆ ಮುಖ ಮಾಡಿಯೇ ನಿಂತಿದ್ದರು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಏನೆಂದರೆ, ಆ ನಿಂತ ಮನುಷ್ಯ ಇಲ್ಲದೆ ಈ ಪದಗಳಿಗೆ ಅರ್ಥವೇ ಇಲ್ಲ. ಅವನು ತಿರುಗಿ ನಿಂತರೆ ಬಲ ಎಡ ಆಗುತ್ತದೆ.

ನಮ್ಮದೇ ಪದಗಳಿಗೆ ಬರೋಣ. ಮೂಡು, ಪಡು, ತೆಂಕು, ಬಡಗು. ಮೂಡು ಅಂದರೆ ಹುಟ್ಟು, ಮೇಲೇಳು. ಪಡು ಅಂದರೆ ಬೀಳು, ಮುಳುಗು. ಇವು ಮಾತ್ರ ಅಪ್ಪಟ ವಿರುದ್ಧ ಪದಗಳು, ಯಾವ ತಕರಾರೂ ಇಲ್ಲ. ನಮ್ಮ ಕಡೆ ಹಿರಿಯರು ಇನ್ನೂ ಸರಳ ಮಾಡಿಬಿಡುತ್ತಾರೆ: "ಹೊತ್ತ ಹೊಂಡೂ ಕಡೆ, ಹೊತ್ತ ಮುಣಗೂ ಕಡೆ." ಇದಕ್ಕಿಂತ ಸ್ಪಷ್ಟ ಬೇಕಾ? ತಮಿಳರ ಲೆಕ್ಕ ಬೇರೆ. ಅವರಲ್ಲಿ ಪೂರ್ವಕ್ಕೆ 'ಕಿಳಕ್ಕು', ಅಂದರೆ ಕೆಳಗು. ಪಶ್ಚಿಮಕ್ಕೆ 'ಮೇಱ್ಕು', ಅಂದರೆ ಮೇಲು. ಪಶ್ಚಿಮ ಘಟ್ಟದಿಂದ ಕಡಲಿನ ಕಡೆಗೆ ಇಳಿಯುವ ನೆಲ ಅವರದು, ಆ ಇಳಿಜಾರೇ ದಿಕ್ಕಾಯಿತು. ನಾವು ಸೂರ್ಯನನ್ನು ನೋಡಿದೆವು, ಅವರು ನೆಲ ನೋಡಿದರು.

ತೆಂಕು–ಬಡಗು ತುಂಬಾ ಹಳೆಯ ದ್ರಾವಿಡ ಪದಗಳು. ತಮಿಳಿನ ತೆನ್ ಮತ್ತು ವಡ ಇವುಗಳ ಒಡಹುಟ್ಟುಗಳು. ತೆಂಗಿನ ಮರದ ಹೆಸರೂ ತೆಂಕಿನಿಂದಲೇ ಬಂದದ್ದು, ಅದು ತೆಂಕಣದಿಂದ ಬಂದ ಮರ ಅನ್ನುವುದು ಅನೇಕ ವಿದ್ವಾಂಸರ ಅಭಿಪ್ರಾಯ. ನೀಲಗಿರಿಯಲ್ಲಿರುವ ಬಡಗರಿಗೆ ಆ ಹೆಸರು ಬಂದದ್ದು ಅವರು ಬಡಗಣದಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು ಅಂತ. (ಮರಗೆಲಸದ ಬಡಗಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಸಂಸ್ಕೃತದ ವರ್ಧಕಿಯಿಂದ ಬಂದದ್ದು.) ಇಲ್ಲೊಂದು ಮಜಾ ನೋಡಿ. ಬೆಂಗಳೂರಿನಲ್ಲಿ ಕೂತವರಿಗೆ ಮೈಸೂರು ಸೀಮೆ ದಕ್ಷಿಣ. ನೀಲಗಿರಿಯ ಮೇಲೆ ನಿಂತವರಿಗೆ ಅದೇ ಮೈಸೂರು ಸೀಮೆ ಬಡಗಣ!

ಈ ನಾಲ್ಕು ಪದಗಳೇ ನಮ್ಮ ಹಳೆಯ ಶಾಸನಗಳಲ್ಲೂ ಸಿಗುವುದು. ಭೂಮಿ ದಾನ ಕೊಟ್ಟಾಗ ಗಡಿ ಹೇಳಬೇಕಲ್ಲ, ಮೂಡಲು ಇಂಥದ್ದು, ತೆಂಕಲು ಇಂಥದ್ದು ಅಂತ ಹಳ್ಳ, ಗುಡ್ಡೆ, ಕಲ್ಲುಗಳನ್ನು ಹೆಸರಿಸುತ್ತಾ ಹೋಗುತ್ತಾರೆ. ಇವತ್ತಿನ ಖರೀದಿ ಪತ್ರದ ಚಕ್ಕುಬಂದಿಯಲ್ಲೂ ಕ್ರಮ ಅದೇ, ಪದ ಮಾತ್ರ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಆಗಿದೆ. ಕರಾವಳಿಯವರು ಹಳೆಯ ಪದಗಳನ್ನು ನಮಗಿಂತ ಚೆನ್ನಾಗಿ ಉಳಿಸಿಕೊಂಡಿದ್ದಾರೆ. ಮೂಡಬಿದಿರೆಗೆ ಎದುರಾಗಿ ಪಡುಬಿದಿರೆ ಇದೆ, ಯಕ್ಷಗಾನದಲ್ಲಿ ತೆಂಕುತಿಟ್ಟು–ಬಡಗುತಿಟ್ಟು ಇವೆ. ತೆಂಕು ಬಡಗಿನ ವೇಷ, ಕುಣಿತ, ಚೆಂಡೆ ಬೇರೆ ಬೇರೆ. ಆದರೆ ಒಂದು ಇನ್ನೊಂದಕ್ಕೆ ತದ್ವಿರುದ್ಧ ಅಂತ ಯಾವ ಕಲಾವಿದರೂ ಹೇಳುವುದನ್ನು ನಾನು ಕೇಳಿಲ್ಲ.

ಈಗ 'ಉತ್ತರ ಕರ್ನಾಟಕ'ದ ವಿಷಯ. ಇದನ್ನು ಹೇಳಲಿಕ್ಕೇ ಇಷ್ಟು ದೂರ ಬಂದದ್ದು.

ನಮ್ಮ ಗದಗ ಸೀಮೆ ಯಾವಾಗಿನಿಂದ 'ಉತ್ತರ' ಆಯಿತು? ಬ್ರಿಟಿಷರ ಕಾಗದಪತ್ರಗಳಲ್ಲಿ ಧಾರವಾಡ, ಬೆಳಗಾವಿ ಕಡೆಯ ಈ ನೆಲಕ್ಕೆ ಇದ್ದ ಹೆಸರು 'ಸದರ್ನ್ ಮರಾಠಾ ಕಂಟ್ರಿ', ಅಂದರೆ ದಕ್ಷಿಣ ಮರಾಠಾ ಪ್ರಾಂತ. ಕನ್ನಡ ಮಾತಾಡುವ ನೆಲಕ್ಕೆ ಮರಾಠಾ ಅಂತ ಹೆಸರು ಬಿದ್ದದ್ದರ ಸಂಕಟ ಬೇರೆಯೇ ಕಥೆ, ಇರಲಿ. ಇಲ್ಲಿ ನೋಡಬೇಕಾದ್ದು 'ದಕ್ಷಿಣ' ಅನ್ನುವ ಪದವನ್ನು. ಬಾಂಬೆ ಪ್ರೆಸಿಡೆನ್ಸಿಯ ಲೆಕ್ಕದಲ್ಲಿ ನಾವು ಸದರ್ನ್ ಡಿವಿಷನ್, ಅದರ ಕಮಿಷನರ್ ಕೂರುತ್ತಿದ್ದದ್ದು ಬೆಳಗಾವಿಯಲ್ಲಿ. 1880ರ ದಶಕದಲ್ಲಿ ನಮ್ಮ ಕಡೆ ಹಳಿ ಹಾಕಿದ ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ, 1882ರಲ್ಲಿ ಶುರುವಾದದ್ದು. 1908ರಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1951ರಲ್ಲಿ ಸದರ್ನ್ ರೈಲ್ವೆಗೆ ಸೇರಿತು, 1966ರಲ್ಲಿ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು, 2003ರಿಂದ ಹುಬ್ಬಳ್ಳಿಯೇ ಕೇಂದ್ರವಾಗಿ ನೈಋತ್ಯ ರೈಲ್ವೆ. ಹೆಸರು ಇಷ್ಟು ಸಲ ಬದಲಾದರೂ ರೈಲಿನವರು ನಮ್ಮನ್ನು ಒಮ್ಮೆಯೂ ಉತ್ತರ ಅಂದಿಲ್ಲ. ಹುಲಕೋಟಿ ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ಹಳಿ ಹೋಗುವುದೂ ಮೂಡಣಕ್ಕೆ ಗದಗ, ಪಡುವಣಕ್ಕೆ ಅಣ್ಣಿಗೇರಿ–ಹುಬ್ಬಳ್ಳಿ. ಉತ್ತರ–ದಕ್ಷಿಣದ ಗೊಡವೆಗೇ ಅದು ಹೋಗಿಲ್ಲ.

ನಾವು ಉತ್ತರ ಆದದ್ದು 1956ರ ನವೆಂಬರ್ 1ಕ್ಕೆ. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಮೈಸೂರು ಅಂತ ಹಂಚಿಹೋಗಿದ್ದ ಕನ್ನಡದ ನೆಲ ಒಂದಾಯಿತು, ರಾಜಧಾನಿ ಬೆಂಗಳೂರು ಆಯಿತು. ಹಿಂದಿನ ರಾತ್ರಿಯವರೆಗೆ ಮುಂಬಯಿಗೆ ದಕ್ಷಿಣವಾಗಿದ್ದ ಗದಗ ಬೆಳಗಾಗುವಷ್ಟರಲ್ಲಿ ಬೆಂಗಳೂರಿಗೆ ಉತ್ತರ ಆಗಿತ್ತು. ಊರು ಒಂದು ಗೇಣೂ ಅಲುಗಲಿಲ್ಲ, ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದು ಬದಲಾಯಿತು ಅಷ್ಟೇ. ಏಕೀಕರಣಕ್ಕೆ ದುಡಿದವರಲ್ಲಿ ನಮ್ಮ ಗದಗಿನ ಹುಯಿಲಗೋಳ ನಾರಾಯಣರಾಯರೂ ಇದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ್ದು ಅವರು ಬರೆದ ಗೀತೆಯನ್ನೇ. ಅವರು ಕೇಳಿದ್ದು ಒಂದು ನಾಡು. ಉತ್ತರ ಒಂದು, ದಕ್ಷಿಣ ಒಂದು ಅಂತ ಎರಡನ್ನಲ್ಲ.

ಇದಕ್ಕಿಂತ ತಮಾಷೆಯ ಉದಾಹರಣೆ ಕಾರವಾರದ ಜಿಲ್ಲೆ. ಒಂದೇ ಇದ್ದ ಕೆನರಾ ಜಿಲ್ಲೆ ಎರಡಾಗಿ, ಉತ್ತರದ ತುಂಡು 1862ರಲ್ಲಿ ಬಾಂಬೆ ಪ್ರೆಸಿಡೆನ್ಸಿಗೆ ಹೋಯಿತು, ದಕ್ಷಿಣದ್ದು ಮದ್ರಾಸಿನಲ್ಲೇ ಉಳಿಯಿತು. ಪರಿಣಾಮ ಏನಾಯಿತು ಅಂದರೆ, ಇಡೀ ಬಾಂಬೆ ಪ್ರೆಸಿಡೆನ್ಸಿಯ ಎಲ್ಲಕ್ಕಿಂತ ದಕ್ಷಿಣದ ಜಿಲ್ಲೆಯ ಹೆಸರು 'ನಾರ್ತ್ ಕೆನರಾ'! ಹತ್ತಿರ ಹತ್ತಿರ ನೂರು ವರ್ಷ ಹಾಗೇ ನಡೆಯಿತು.

ಸರಿ, ಅಂಕಿ ಏನನ್ನುತ್ತದೆ ನೋಡೋಣ (ಇಂಜಿನಿಯರ್ ಬುದ್ಧಿ, ಬಿಡುವುದಿಲ್ಲ). ಇವತ್ತಿನ ಕರ್ನಾಟಕ ಹರಡಿಕೊಂಡಿರುವುದು ಸುಮಾರು ಹನ್ನೊಂದೂವರೆ ಡಿಗ್ರಿ ಅಕ್ಷಾಂಶದಿಂದ ಹದಿನೆಂಟೂವರೆ ಡಿಗ್ರಿವರೆಗೆ. ಕೂಡಿಸಿ ಎರಡರಿಂದ ಭಾಗಿಸಿದರೆ ನಡುವಿನ ಗೆರೆ 15 ಡಿಗ್ರಿ. ಹುಲಕೋಟಿ ಇರುವುದು ಹೆಚ್ಚುಕಮ್ಮಿ ಹದಿನೈದೂವರೆಯಲ್ಲಿ. ಅಂದರೆ ನಟ್ಟನಡುವಿನ ಗೆರೆಯಿಂದ 50 ಕಿಲೋಮೀಟರ್ ಆಸುಪಾಸು ಮೇಲೆ, ಅಷ್ಟೇ. ಲಕ್ಷ್ಮೇಶ್ವರ ಆ ಗೆರೆಗೆ ಇನ್ನೂ ಹತ್ತಿರ. ಬೆಂಗಳೂರು 13 ಡಿಗ್ರಿಗೂ ಸ್ವಲ್ಪ ಕೆಳಗೆ, ಗೆರೆಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಕಾಶೆಯ ಪ್ರಕಾರ ನಾವು ಮಧ್ಯ ಕರ್ನಾಟಕದವರು. ಬೀದರದವರು ಬೇಕಾದರೆ ಉತ್ತರ ಅನ್ನಿಸಿಕೊಳ್ಳಲಿ.

ಇದು ನನ್ನ ಇವತ್ತಿನ ಜಾಣತನ ಅಲ್ಲ. ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ಬರೆದ 'ಕವಿರಾಜಮಾರ್ಗ'ದಲ್ಲಿ ಕನ್ನಡ ನಾಡು ಕಾವೇರಿಯಿಂದ ಗೋದಾವರಿವರೆಗೆ ಅಂತ ಇದೆ, ಎಲ್ಲರಿಗೂ ಗೊತ್ತಿದ್ದದ್ದೇ. ಅದರೊಳಗೆ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಅವನು ನಾಲ್ಕು ಊರು ಹೆಸರಿಸುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಈ ನಾಲ್ಕಕ್ಕೂ ನಕಾಶೆಯ ಮೇಲೆ ಗೆರೆ ಎಳೆದು ನೋಡಿ, ಗದಗ, ಹುಲಕೋಟಿ ಎರಡೂ ಅದರ ಒಳಗೆ ಬೀಳುತ್ತವೆ. ಶ್ರೀರಂಗಪಟ್ಟಣದ ಹತ್ರದ ಕಾವೇರಿ ಹನ್ನೆರಡೂವರೆ ಡಿಗ್ರಿ, ನಾಂದೇಡದ ಗೋದಾವರಿ 19 ಡಿಗ್ರಿ. ನಡು ಮತ್ತೆ ಹದಿನೈದೂಮುಕ್ಕಾಲು. ಸುಮಾರು ತೊಂಬತ್ತು ವರ್ಷದ ನಂತರ, 941ರ ಹೊತ್ತಿಗೆ, ಪಂಪ ತನ್ನ 'ವಿಕ್ರಮಾರ್ಜುನ ವಿಜಯ'ವನ್ನು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದದ್ದಾಗಿ ಹೇಳಿಕೊಳ್ಳುತ್ತಾನೆ. ಆಗಿನ ಲೆಕ್ಕದಲ್ಲಿ ನಾವಾಡುವ ಕನ್ನಡ ಯಾವುದಕ್ಕೂ ಉತ್ತರವೂ ಅಲ್ಲ, ದಕ್ಷಿಣವೂ ಅಲ್ಲ. ಹಾಗಂತ ನಮ್ಮದೇ ಶ್ರೇಷ್ಠ ಅನ್ನುವ ಹುಕಿ ನನಗಿಲ್ಲ, ಸಾವಿರ ವರ್ಷದಲ್ಲಿ ಎಲ್ಲರ ಕನ್ನಡವೂ ಬದಲಾಗಿದೆ. ಒಂದು ತುದಿಯಲ್ಲಿ ನಿಲ್ಲಿಸಿ "ಉಲ್ಟಾ" ಅನ್ನಬೇಡಿ ಅಂತ ಅಷ್ಟೇ.

ಕವಿರಾಜಮಾರ್ಗದಲ್ಲೇ ಇನ್ನೊಂದು ಉತ್ತರ–ದಕ್ಷಿಣ ಇದೆ, ಕಾವ್ಯದ ದಕ್ಷಿಣ ಮಾರ್ಗ ಮತ್ತು ಉತ್ತರ ಮಾರ್ಗ. ಇದರ ಹಿಂದಿರುವುದು ಸಂಸ್ಕೃತದ ದಂಡಿಯ 'ಕಾವ್ಯಾದರ್ಶ'. ದಂಡಿಯಲ್ಲಿ ಆ ಎರಡು ವೈದರ್ಭ ಮತ್ತು ಗೌಡ. ವೈದರ್ಭ ದಕ್ಷಿಣದವರದು ಸರಿ, ಆದರೆ ಗೌಡ ಅಂದರೆ ಬಂಗಾಳದ ಕಡೆ, ದಂಡಿ ಅದನ್ನು ಪೂರ್ವದವರ ದಾರಿ ಅಂತಲೇ ಕರೆಯುತ್ತಾನೆ. ಕನ್ನಡಕ್ಕೆ ಬರುವಾಗ ಪೂರ್ವ ಹೋಗಿ ಉತ್ತರ ಆಯಿತು. ದಕ್ಷಿಣಕ್ಕೆ ಜೋಡಿ ಬೇಕಲ್ಲ, ಪೂರ್ವ ಕೂರುವುದಿಲ್ಲ! ಇನ್ನೂ ಮುಖ್ಯವಾದದ್ದು, ದಂಡಿ ಶುರುವಿನಲ್ಲೇ ಒಂದು ಮಾತು ಹೇಳಿಬಿಟ್ಟಿದ್ದಾನೆ: ಮಾತಿನ ದಾರಿಗಳು ಹಲವು, ಒಂದಕ್ಕೊಂದಕ್ಕೆ ಇರುವ ಭೇದ ಸೂಕ್ಷ್ಮ, ಅದರಲ್ಲಿ ವ್ಯತ್ಯಾಸ ಎದ್ದು ಕಾಣುವ ಎರಡನ್ನು ಮಾತ್ರ ವಿವರಿಸುತ್ತೇನೆ ಅಂತ. ಅವನು ಎರಡೇ ಇವೆ ಅನ್ನಲಿಲ್ಲ, ವಿವರಿಸಲು ಎರಡನ್ನು ಆರಿಸಿಕೊಂಡ. ಬೆಂಗಳೂರಿನ ಕನ್ನಡ, ಗದಗಿನ ಕನ್ನಡ ಅಂತ ಎರಡನ್ನೇ ಹಿಡಿದುಕೊಂಡು ಮಾತಾಡುವಾಗ ನಡುವೆ ಇರುವ ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ, ಶಿರಸಿಗಳೆಲ್ಲ ಎಲ್ಲಿ ಹೋಗುತ್ತವೆ? ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬರುವಾಗ "ಹೋಗ್ರೀ" ಅನ್ನುವುದು ಯಾವ ಊರಿನಲ್ಲಿ "ಹೋಗಿ" ಆಗುತ್ತದೆ ಅಂತ ಗೆರೆ ಎಳೆದು ತೋರಿಸಲಿ ಯಾರಾದರೂ.

ಅಂದ ಹಾಗೆ, ಈಗ ಸರ್ಕಾರಿ ಹೆಸರುಗಳಲ್ಲಿ ದಿಕ್ಕು ಕಡಿಮೆಯಾಗುತ್ತಿದೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು, ಮುಂಬಯಿ ಕರ್ನಾಟಕಕ್ಕೆ 2021ರಲ್ಲಿ ಕಿತ್ತೂರು ಕರ್ನಾಟಕ ಅಂತ ಹೆಸರಿಟ್ಟರು. ಮಾತಿನಲ್ಲಿ ಮಾತ್ರ ಉತ್ತರ ಹಾಗೇ ಇದೆ. ಅದರ ಜೊತೆ "ಉತ್ತರನ ಪೌರುಷ ಒಲೆ ಮುಂದೆ" ಅನ್ನುವ ಗಾದೆ ಎತ್ತಿ ಕಾಲೆಳೆಯುವವರೂ ಇದ್ದಾರೆ. ಆ ಉತ್ತರ ವಿರಾಟರಾಜನ ಮಗ ಕಣ್ರೀ, ಗದಗ ಜಿಲ್ಲೆಯವನಲ್ಲ. ಕುಮಾರವ್ಯಾಸ ಗದುಗಿನವನು ಅನ್ನುವುದು ಬೇರೆ ಮಾತು. :)

ಕೊನೆಗೆ ಧ್ರುವದ ಒಂದು ಮಾತು. ಧ್ರುವ ಅಂದರೆ ಅಲುಗಾಡದ್ದು. ಉತ್ತರದಲ್ಲಿ ಅಂಥ ಒಂದು ನಕ್ಷತ್ರ ಇದೆ, ಹುಲಕೋಟಿಯ ಹೊಲದಲ್ಲಿ ನಿಂತರೆ ದಿಗಂತದಿಂದ ಹದಿನೈದು ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ದಕ್ಷಿಣ ಧ್ರುವದ ನೇರಕ್ಕೆ ಕಣ್ಣಿಗೆ ಸಲೀಸಾಗಿ ಕಾಣುವ ನಕ್ಷತ್ರವೇ ಇಲ್ಲ. ಅಂದರೆ ಈ ಜೋಡಿಯೂ ಸಮಸಮ ಅಲ್ಲ. ಬೇಂದ್ರೆಯವರ ಪದ್ಯವೊಂದು 1971ರ 'ಶರಪಂಜರ' ಚಿತ್ರದಲ್ಲಿ ಹಾಡಾಗಿ ಬಂತಲ್ಲ, ಅದರಲ್ಲಿ ಎರಡು ಧ್ರುವಗಳು ಜಗಳವಾಡುವುದಿಲ್ಲ, ಅಯಸ್ಕಾಂತದ ಹಾಗೆ ಸೆಳೆತವೇ ಇರುವುದು.

'ಸೂರ್ಯಸಿದ್ಧಾಂತ'ದಲ್ಲಿ ಉತ್ತರ ಧ್ರುವದಲ್ಲಿ ದೇವತೆಗಳು, ದಕ್ಷಿಣ ಧ್ರುವದಲ್ಲಿ ಅಸುರರು. ಒಬ್ಬರಿಗೆ ಹಗಲಾದಾಗ ಇನ್ನೊಬ್ಬರಿಗೆ ರಾತ್ರಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಅದೂ ಒಂದು × ಆಗುತ್ತಿತ್ತು. ಮುಂದೆ ಹೋಗಿ ಅದೇ ಗ್ರಂಥ ಹೇಳುತ್ತದೆ, ಭೂಗೋಳದ ಮೇಲೆ ಎದುರುಬದುರು ಇರುವವರು ಒಬ್ಬರು ಇನ್ನೊಬ್ಬರನ್ನು ಕೆಳಗಿದ್ದಾರೆ ಅಂದುಕೊಳ್ಳುತ್ತಾರೆ, ಎಲ್ಲರಿಗೂ ತಾವಿರುವ ಜಾಗವೇ ಮೇಲು. ಆಕಾಶದಲ್ಲಿರುವ ಗೋಳಕ್ಕೆ ಮೇಲು ಯಾವುದು, ಕೆಳಗು ಯಾವುದು ಅಂತ. 1150ರಲ್ಲಿ 'ಸಿದ್ಧಾಂತ ಶಿರೋಮಣಿ' ಬರೆದ ಭಾಸ್ಕರಾಚಾರ್ಯರು ಇದಕ್ಕೆ ಒಂದು ಚಿತ್ರ ಕೊಡುತ್ತಾರೆ: ನೀರಿನ ದಡದಲ್ಲಿ ನಿಂತವನ ನೆರಳು ನೀರೊಳಗೆ ತಲೆಕೆಳಗಾಗಿ ಕಾಣುವ ಹಾಗೆ ಆ ಬದಿಯ ಜನ, ಆದರೆ ನಾವಿಲ್ಲಿ ಹೇಗೆ ಆರಾಮಾಗಿದ್ದೇವೋ ಅವರೂ ಅಲ್ಲಿ ಹಾಗೇ ಇದ್ದಾರೆ.

ಈ ಲೆಕ್ಕದಲ್ಲಿ ಹುಲಕೋಟಿಗೆ ನಿಜವಾದ ತದ್ವಿರುದ್ಧ ಜಾಗ ಯಾವುದು ಅಂತ ಹುಡುಕಿದೆ. ದಕ್ಷಿಣ ಅಕ್ಷಾಂಶ ಹದಿನೈದೂವರೆ, ಪಶ್ಚಿಮ ರೇಖಾಂಶ ನೂರ ನಾಲ್ಕೂವರೆ. ಬೆಂಗಳೂರು ಅಲ್ಲ! ಪೆರು ದೇಶದ ದಡದಿಂದ ಸುಮಾರು ಮೂರು ಸಾವಿರ ಕಿಲೋಮೀಟರ್ ಪಡುವಣಕ್ಕೆ, ಪೆಸಿಫಿಕ್ ಸಾಗರದ ನಡುವೆ, ಬರೀ ನೀರು.

ನಿಮ್ಮ ಊರಲ್ಲಿ ದಿಕ್ಕುಗಳಿಗೆ ಏನನ್ನುತ್ತಾರೆ? ತೆಂಕು, ಬಡಗು ಇನ್ನೂ ಮಾತಿನಲ್ಲಿ ಇದೆಯಾ, ಅಥವಾ ಹೊಲದ ಹೆಸರಿನಲ್ಲೋ ಓಣಿಯ ಹೆಸರಿನಲ್ಲೋ ಮಾತ್ರ ಉಳಿದಿದೆಯಾ? ಗೊತ್ತಿದ್ದವರು ಬರೆದು ತಿಳಿಸಿ.